ಬಾಗಿಲಿತ್ತು, ಮನೆ ಬರುವುದಿತ್ತು

ದಿನಾ ಮುಂಜಾನೆ ಎಂಟು ಗಂಟೆಗೆ ಸರಿಯಾಗಿ ರಾಘಣ್ಣ ಸವಣೂರಿನ ತನ್ನ ಓಣಿಗೆ ಬರುತ್ತಿದ್ದ. ಜನಿವಾರಕ್ಕೆ ಕಟ್ಟಿಕೊಂಡಿದ್ದ ಕೀಲಿಕೈಯನ್ನು ಅಂಗಿಯೊಳಗಿಂದ ಎಳೆದು ಮುಂಬಾಗಿಲ ಕೀಲಿ ತೆಗೆಯುತ್ತಿದ್ದ. ಚಪ್ಪಲಿಯನ್ನು ಜೋಡಿಸಿ ಹೊರಗೆ ಬಿಟ್ಟು, ತಲೆ ತಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದ. ಹತ್ತು ನಿಮಿಷವಾದ ಮೇಲೆ ಹೊರಗೆ ಬಂದು, ಕೀಲಿ ಹಾಕಿ, ಅದನ್ನು ಮೂರು ಸಲ ಜಗ್ಗಿ ನೋಡಿ, ತಾನು ಗುಮಾಸ್ತನಾಗಿದ್ದ ಹೈಸ್ಕೂಲಿನ ದಾರಿ ಹಿಡಿಯುತ್ತಿದ್ದ. ಮನೆಯ ಯಜಮಾನನಾದವನು ಮಾಡಬೇಕಾದ್ದೇ ಇದು. ನಗುವಂಥದ್ದು ಏನೂ ಇಲ್ಲ. ಆದರೂ ಓಣಿಯ ಮಂದಿ ನಗುತ್ತಿದ್ದರು. ಯಾಕೆಂದರೆ ಆ ಬಾಗಿಲಿಗೆ ಮನೆ ಇರಲಿಲ್ಲ.

ಮೊದಲು ಇತ್ತು. ರಾಘಣ್ಣನ ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಮನೆ. ಒಂದು ಮಳೆಗಾಲದಲ್ಲಿ ಪಡಸಾಲೆಯ ತೊಲೆ ಬಾಗಿತು. ರಾಘಣ್ಣ ಅದಕ್ಕೊಂದು ಕಂಬ ಕೊಟ್ಟ. ಮುಂದಿನ ಮಳೆಗಾಲದಲ್ಲಿ ಕಂಬವೂ ಬಾಗಿತು. ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವುದೆಂದು ನಿಶ್ಚಯವಾಗಿ, ಗೌಂಡಿ ಗೌಸಸಾಬ ಹಾರೆ ಹಿಡಿದುಕೊಂಡು ಬಂದ. ಬಂದವನು ನೋಡುತ್ತಾನೆ, ರಾಘಣ್ಣನ ಹೆಂಡತಿ ತುಳಸಾಬಾಯಿ ಹೊಸ್ತಿಲಿಗೆ ಅಡ್ಡಲಾಗಿ ಕುಳಿತಿದ್ದಾಳೆ.

"ಏನ್ ಬೇಕಾದ್ದು ಕೆಡವ್ರಿ. ಹೊಸ್ತಲಾ ಮಾತ್ರ ಮುಟ್ಟಬ್ಯಾಡ್ರಿ. ಮೂವತ್ತೊಂದು ವರ್ಷ ದಿನಾ ಅರಿಷಿಣ ಕುಂಕುಮ ಹಚ್ಚೇನಿ ಇದಕ್ಕ. ಹೊಸ್ತಲಾ ಕಿತ್ತರ ಮನಿ ಹೋತು ಅಂತನ ಅರ್ಥ."

"ಅಕ್ಕಾರ, ಗ್ವಾಡಿ ಇಲ್ಲದ ಬಾಗಲಾ ಹೆಂಗ ನಿಂದರತೈತ್ರಿ?"

"ಇವ್ರ ಜೋಡಿ ನಾ ನಿಂತಿಲ್ಲೇನು ಮೂವತ್ತೊಂದು ವರ್ಷ? ಹಂಗ ನಿಂದರ್ತದ."

ಗೌಸಸಾಬ ಹಾರೆ ಕೆಳಗಿಟ್ಟ. ರಾಘಣ್ಣ ಅದನ್ನು ಎತ್ತಿ ಬದಿಗೆ ಸರಿಸಿದ. ಕೊನೆಗೆ ಬಾಗಿಲಿನ ಎರಡೂ ಬದಿಗೆ ಒಂದೊಂದು ಮೊಳ ಗೋಡೆ ಬಿಟ್ಟು ಉಳಿದದ್ದನ್ನೆಲ್ಲ ಕೆಡವಿದರು. ಮೇಲೆ ಗಜಲಕ್ಷ್ಮಿಯ ಕೆತ್ತನೆ, ಎರಡು ಕದ, ಹಿತ್ತಾಳೆಯ ಬಳೆ, ಕೆಳಗೆ ಕಲ್ಲಿನ ಹೊಸ್ತಿಲು. ಹಿಂದೆ ಬಯಲು. ಎದುರು ಮನೆಯ ರಹಿಮಾಬಿ ಅಂದು ಸಂಜೆ ಕಟ್ಟೆಯ ಮೇಲೆ ನಿಂತು ನೋಡಿ, "ಯಾ ಅಲ್ಲಾ! ಮನಿ ಊರಿಗೆ ಹೋಗೇತಿ, ಬಾಗಲಾ ಕಾಯಾಕ ಬಿಟ್ಟ ಹೋಗೇತಿ ನೋಡ್ರಿ" ಎಂದಳು.

ತುಳಸಾಬಾಯಿ ದಿನಾ ನಸುಕಿನಲ್ಲೇ ಬಂದು ಹೊಸ್ತಿಲು ಸಾರಿಸಿ ರಂಗೋಲಿ ಹಾಕಿ ಹೋಗುತ್ತಿದ್ದಳು. ರಾಘಣ್ಣ ತನ್ನ ಪಾಲಿಗೆ ಒಂದು ಕಾನೂನು ಮಾಡಿದ. ಬಾಗಿಲು ಇರುವುದು ಬರುವುದಕ್ಕೆ. ಆದ್ದರಿಂದ ಬರುವವರೆಲ್ಲ ಬಾಗಿಲಿನಿಂದಲೇ ಬರಬೇಕು. ಬದಿಯಲ್ಲಿ ಚಕ್ಕಡಿ ಹಾಯುವಷ್ಟು ಬಯಲು ಇದ್ದರೇನು, ಅದು ದಾರಿಯಲ್ಲ, ಗೋಡೆ ಬರುವ ಜಾಗ. ಗೋಡೆ ಬರುವ ಜಾಗದಲ್ಲಿ ನುಗ್ಗುವವರು ಕಳ್ಳರು.

"ಉಸುಕಿನ ಟ್ರ್ಯಾಕ್ಟರೂ ಬಾಗಲದಾಗಿಂದನ ತರ್ಲೇನ್ರಿ ರಾಯರ?" ಎಂದು ಗೌಸಸಾಬ ಕೇಳಿದ.

ರಾಘಣ್ಣ ಎರಡು ದಿನ ವಿಚಾರ ಮಾಡಿ ಟ್ರ್ಯಾಕ್ಟರಿಗೆ ಮಾತ್ರ ವಿನಾಯಿತಿ ಕೊಟ್ಟ. ಗೌಂಡಿಗಳು ಮುಂಜಾನೆ ಅವನು ಕೀಲಿ ತೆಗೆದ ಮೇಲೆ ಬಾಗಿಲಿನಿಂದ ಒಳಗೆ ಹೋಗಬೇಕು, ಅವನು ಹೊರಗಿನಿಂದ ಕೀಲಿ ಹಾಕಿಕೊಂಡು ಶಾಲೆಗೆ ಹೋಗಬೇಕು, ಸಂಜೆ ಬಂದು ಕೀಲಿ ತೆಗೆದು ಅವರನ್ನು ಹೊರಗೆ ಬಿಡಬೇಕು. ನಡುವೆ ಅವರು ನಾಲ್ಕು ಸಲ ಚಹಾಕ್ಕೆ ಬದಿಯಿಂದ ಹೋಗಿ ಬರುತ್ತಿದ್ದರು ಎಂಬುದು ಓಣಿಗೆಲ್ಲ ಗೊತ್ತಿತ್ತು, ರಾಘಣ್ಣನಿಗೆ ಗೊತ್ತಿರಲಿಲ್ಲ.

ಆ ಕೀಲಿಗೆ ಎರಡು ಕೀಲಿಕೈ ಇದ್ದವು. ಒಂದು, ಮೂರು ವರ್ಷದ ಹಿಂದೆ ಮಗಳು ದೀಪ್ತಿಯ ಲಗ್ನದ ಗದ್ದಲದಲ್ಲಿ ಕಳೆಯಿತು. ಕಳೆದವನು ರಾಘಣ್ಣನೇ ಎಂದು ತುಳಸಾಬಾಯಿ ತೀರ್ಪು ಕೊಟ್ಟಿದ್ದಳು. ತನಗೆ ನೆನಪಿಲ್ಲ, ಆದರೆ ತನ್ನ ಸ್ವಭಾವ ನೋಡಿದರೆ ಇದ್ದೀತು ಎಂದು ರಾಘಣ್ಣ ಒಪ್ಪಿಕೊಂಡಿದ್ದ. ಉಳಿದ ಒಂದನ್ನು ಜನಿವಾರಕ್ಕೆ ಕಟ್ಟಿಕೊಂಡದ್ದು ಆ ಮೇಲೆಯೇ.

ಮನೆ ಆಗುವ ತನಕ ಎಂದು ಗಂಡ ಹೆಂಡತಿ ಬಸ್ ಸ್ಟ್ಯಾಂಡಿನ ಹತ್ತಿರ ಅಜ್ಜಪ್ಪನ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಹೋಗಿದ್ದರು. "ನಾಲ್ಕ ತಿಂಗಳಷ್ಟ" ಎಂದು ಹೇಳಿ ಹೋದದ್ದು. ಈಗ ಒಂಬತ್ತನೆಯ ತಿಂಗಳು. ಗಿರಣಿ ಶುರುವಾಯಿತೆಂದರೆ ದೇವರ ಪೆಟ್ಟಿಗೆಯೊಳಗಿನ ಗಂಟೆ ತಾನೇ ಬಾರಿಸಿಕೊಳ್ಳುತ್ತಿತ್ತು. ಇಬ್ಬರೂ ಕೂಗಿ ಮಾತಾಡುವುದನ್ನು ರೂಢಿ ಮಾಡಿಕೊಂಡು, ಮಠಕ್ಕೆ ಹೋದಾಗಲೂ ಕೂಗಿಯೇ ಮಾತಾಡುತ್ತಿದ್ದರು. ಅಜ್ಜಪ್ಪ ಖಾರ ಕುಟ್ಟುವ ದಿನವಂತೂ ಕಣ್ಣಲ್ಲಿ ನೀರು ಧಾರಾಕಾರ. ಆ ನೆಪದಲ್ಲಿ ಹಳೆಯ ಮನೆಗಾಗಿಯೂ ಇಬ್ಬರೂ ಒಂದಿಷ್ಟು ಅತ್ತು ಮುಗಿಸುತ್ತಿದ್ದರು. ಯಾರದ್ದು ಖಾರದ ಕಣ್ಣೀರು, ಯಾರದ್ದು ಮನೆಯ ಕಣ್ಣೀರು ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

ಸಾಮಾನು ನಲವತ್ತೊಂದು ಚೀಲದಲ್ಲಿ ಕಟ್ಟಿಟ್ಟಿತ್ತು. ಯಾವ ಚೀಲದಲ್ಲಿ ಏನಿದೆ ಎಂದು ರಾಘಣ್ಣ ಒಂದು ನೋಟ್ ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ. ಅದೇ ನೋಟ್ ಬುಕ್ಕಿನಲ್ಲಿ ಹಳೆಯ ಮನೆಯ ಅಳತೆಯನ್ನೂ ಹೆಜ್ಜೆ ಎಣಿಸಿ ಬರೆದಿದ್ದ, ಹೊಸ ಮನೆಯಲ್ಲಿ ಪ್ರತಿಯೊಂದು ಕೋಣೆ ಇದ್ದಲ್ಲೇ ಇರಬೇಕೆಂದು. ನೋಟ್ ಬುಕ್ ಕಳೆಯಬಾರದೆಂದು ಅದನ್ನೂ ಒಂದು ಚೀಲಕ್ಕೆ ಹಾಕಿ ಹೊಲಿದಿದ್ದ. ಯಾವ ಚೀಲ ಎಂಬುದು ನೋಟ್ ಬುಕ್ಕಿನಲ್ಲಿ ಇತ್ತು.

"ಎಲ್ಲಾ ಬಿಚ್ಚಿ ನೋಡೋಣಲಾ" ಎಂದರೆ ತುಳಸಾಬಾಯಿ ಒಪ್ಪಲಿಲ್ಲ. "ಬಿಚ್ಚಿದ್ರ ಇಲ್ಲೇ ಇರಲಿಕ್ಕೆ ಬಂದಂಗ ಆಗ್ತದ. ಅಲ್ಲೇ ಹೋಗಿ ಬಿಚ್ಚೋಣು" ಎಂದಳು. ಹೀಗಾಗಿ ಎರಡು ತಾಟು, ಒಂದು ಬೋಗುಣಿಯಲ್ಲಿ ಒಂಬತ್ತು ತಿಂಗಳು ಸಂಸಾರ ನಡೆದಿತ್ತು. ಅತ್ತ ಗೌಸಸಾಬ ಗೋಡೆ ಎಬ್ಬಿಸಿದಾಗಲೆಲ್ಲ ರಾಘಣ್ಣ ಬಂದು ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ನಡೆದು, "ಇಲ್ಲಲ್ಲಪಾ, ಒಂದ ಹೆಜ್ಜಿ ಈಚೆ ಇತ್ತು" ಎನ್ನುತ್ತಿದ್ದ. ಅಡುಗೆಮನೆಯ ಗೋಡೆಯನ್ನು ಮೂರು ಸಲ ಕಟ್ಟಿ ಮೂರು ಸಲ ಕೆಡವಿದ್ದಾಯಿತು. ಒಂಬತ್ತು ತಿಂಗಳಲ್ಲಿ ಗೋಡೆಗಳು ಎದೆಯ ಮಟ್ಟಕ್ಕೆ ಬಂದಿದ್ದವು.

ಇಷ್ಟರ ನಡುವೆ ಮನೆ ಮನೆಯ ಮಾಹಿತಿ ಬರೆದುಕೊಳ್ಳುವ ಪ್ರಶಾಂತ ಎಂಬ ತರುಣ ಬಂದ. ಕಾಯಿದೆ ಬಿಟ್ಟು ಕಾಲಿಡದ ಆಸಾಮಿ. ಬಾಗಿಲಿಗೆ ಕೀಲಿ ಇತ್ತು. ಬಳೆ ಬಾರಿಸಿದ. ಮತ್ತೆ ಬಾರಿಸಿದ. ಬದಿಯಲ್ಲಿ ಉಸುಕಿನ ಗುಡ್ಡೆ, ಗೌಂಡಿಗಳು, ಅವರ ಬೀಡಿಯ ಹೊಗೆ ಎಲ್ಲಾ ಕಾಣುತ್ತಿತ್ತು. ಅದನ್ನೆಲ್ಲ ಅವನು ನೋಡಲಿಲ್ಲವೆಂದಲ್ಲ. ಅವನ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಅಕ್ಕಾರ, ಈ ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ರಹಿಮಾಬಿಯನ್ನು ಕೇಳಿದ.

"ಮನೀನ ಇಲ್ಲಪಾ."

"ಹಂಗ ಬರಿಯಾಕ ಬರೂದಿಲ್ರಿ. ಒಂದು, ಮಂದಿ ಅದಾರ ಅಂತ ಬರೀಬೇಕು. ಇಲ್ಲಾ, ಕೀಲಿ ಹಾಕೇತಿ ಅಂತ ಬರೀಬೇಕು. ಮನಿ ಇಲ್ಲ ಅನ್ನೂದು ಫಾರ್ಮಿನ್ಯಾಗ ಇಲ್ರಿ."

'ಮನೆಗೆ ಕೀಲಿ ಹಾಕಿದೆ' ಎಂದು ಬರೆದು, ಬಾಗಿಲಿಗೊಂದು ಚೀಟಿ ಅಂಟಿಸಿ ಹೋದ. ಹದಿನೈದು ದಿನ ಬಿಟ್ಟು ಬಂದು ಎರಡನೆಯ ಚೀಟಿ ಅಂಟಿಸಿದ. ರಾಘಣ್ಣನಿಗೆ ಈ ಚೀಟಿಗಳನ್ನು ಕಂಡರೆ ಹಿಗ್ಗು. ತನ್ನ ಮನೆ ಇದೆ ಎಂದು ಊರಿನಲ್ಲಿ ಬರವಣಿಗೆಯಲ್ಲಿ ಒಪ್ಪಿಕೊಂಡವನು ಅವನೊಬ್ಬನೇ.

ಇನ್ನು ಅಸಲು ಸಂಗತಿ. ದೀಪ್ತಿ ಈಗ ಆರು ತಿಂಗಳ ಬಸುರಿ. ಚೊಚ್ಚಲು. ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಹಾನಗಲ್ಲಿನ ಬೀಗರು ಸುಶೀಂದ್ರಾಚಾರ್ಯರು ನಿವೃತ್ತ ಹೆಡ್ ಮಾಸ್ತರರು. ಮನೆಯಲ್ಲೂ ಅವರ ಮಾತಿಗೆ ಗಂಟೆ ಹೊಡೆದಷ್ಟು ಬೆಲೆ. ಒಮ್ಮೆ ಗಿರಣಿಯ ಮೇಲಿನ ಕೋಣೆಗೆ ಬಂದು, ಕುಡಿಯಲು ಕೊಟ್ಟ ನೀರಿನ ಮೇಲೆ ಜೋಳದ ಹಿಟ್ಟು ತೇಲುವುದನ್ನು ನೋಡಿ ಹೋದವರು ಫೋನಿನಲ್ಲಿ ಹೇಳಿಬಿಟ್ಟಿದ್ದರು: "ಗಿರಣಿ ಮ್ಯಾಲೆ ಬಾಣಂತನ ಸಾಧ್ಯಿಲ್ಲ. ಯುಗಾದಿಗೆ ಮನಿ ಆದ್ರ ಸವಣೂರು. ಇಲ್ಲಾ ಹಾನಗಲ್ಲು."

ಆಮೇಲೆ ಫೋನು ದೀಪ್ತಿಯ ಕೈಗೆ ಬಂತು. "ಅಪ್ಪಾ, ನನಗ ಅಲ್ಲೇ ಬರೂದದ" ಎಂದಳು, ಅಷ್ಟೇ. ಕೆಳಗೆ ಗಿರಣಿ ನಿಂತಿತ್ತು. ಅಂದು ಖಾರ ಕುಟ್ಟುತ್ತಿರಲಿಲ್ಲ. ಆದರೂ ರಾಘಣ್ಣ ಕಣ್ಣು ಒರೆಸಿಕೊಂಡ.

ಯುಗಾದಿ ಬಂತು. ತುಳಸಾಬಾಯಿ ಆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹೊಸ್ತಿಲಿಗೆ ಹೂವಿಟ್ಟು, ಓಣಿಯ ಅರ್ಧದ ತನಕ ರಂಗೋಲಿ ಎಳೆದಳು. ಅದರ ಚೆಂದ ನೋಡಿ ರಾಘಣ್ಣನಿಗೆ ತಡೆಯಲಾಗಲಿಲ್ಲ. ರಹಿಮಾಬಿಯ ಕಟ್ಟೆ ಹತ್ತಿ ಫೋಟೊ ತೆಗೆದ. ಬಾಗಿಲು ತುಂಬಿ ಬಂತು, ಬಯಲು ಬರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅವನ ಕಣ್ಣಿಗೇ ಅದು ಕಾಣುತ್ತಿರಲಿಲ್ಲ. 'ನಮ್ಮ ಮನೆಯಿಂದ ಹಬ್ಬದ ಶುಭಾಶಯ' ಎಂದು ಬೀಗರ ವಾಟ್ಸಾಪ್ ಗುಂಪಿಗೆ ಕಳಿಸಿದ.

ಐದು ನಿಮಿಷದಲ್ಲಿ ಸುಶೀಂದ್ರಾಚಾರ್ಯರ ಉತ್ತರ ಬಂತು. 'ಮನೆ ಪೂರ್ಣಗೊಂಡದ್ದು ನೋಡಿ ಸಂತೋಷ.'

ರಾಘಣ್ಣ ಗಾಬರಿಯಾದ. 'ಇಲ್ಲ, ಇನ್ನೂ' ಎಂದು ಬರೆಯುವುದಕ್ಕೆ ಶುರು ಮಾಡಿದ. ಅಷ್ಟರಲ್ಲಿ ದೀಪ್ತಿಯ ಸಂದೇಶ: 'ನಮ್ಮ ಬಾಗಲಾ!' ಅದರ ಮುಂದೆ ಸಾಲಾಗಿ ಹನ್ನೆರಡು ಕೆಂಪು ಹೃದಯ. ರಾಘಣ್ಣ ಹನ್ನೆರಡನ್ನೂ ಎಣಿಸಿದ. ಬರೆದದ್ದನ್ನು ಅಳಿಸಿ, ಎರಡು ಕೈ ಜೋಡಿಸಿದ ಚಿತ್ರ ಒತ್ತಿ ಕಳಿಸಿದ. ಲೋಕದಲ್ಲಿ ಸುಳ್ಳನ್ನು ಬಾಯಿಂದ ಹೇಳಿದವರು ಎಷ್ಟೋ ಮಂದಿ ಇದ್ದಾರೆ. ರಾಘಣ್ಣ ಕೈ ಮುಗಿದು ಹೇಳಿದ.

ಮರುದಿನ ದೀಪ್ತಿಯ ಕುಬಸದ, ಅಂದರೆ ಸೀಮಂತದ, ವಿಷಯಕ್ಕೆ ಬೀಗರ ಫೋನು. "ಬರೋ ತಿಂಗಳ ಮೊದಲನೇ ಗುರುವಾರ ಛಲೋ ಅದ. ಕುಬಸದ ಸೀರಿ ಉಡಿಸಿ ನಾವ ಕರ್ಕೊಂಡ ಬಂದು ಬಿಡ್ತೇವಿ. ಹತ್ತೂ ನಾಲ್ವತ್ತಕ್ಕ ಹುಡುಗಿ ಹೊಸ್ತಲಾ ದಾಟಬೇಕು. ಮನೀನೂ ನೋಡಿದಂಗ ಆಗ್ತದ."

ರಾಘಣ್ಣ ಗೌಸಸಾಬನ ಹತ್ತಿರ ಓಡಿದ. "ಹದಿನೈದು ದಿನದಾಗ ಸ್ಲ್ಯಾಬ್ ಹಾಕಿ ಬಣ್ಣಾ ಹಚ್ಚಿ ಮುಗಸಲಿಕ್ಕೆ ಆಗ್ತದೇನು?"

"ಸ್ಲ್ಯಾಬಂದ್ರ ದ್ವಾಸಿ ಏನ್ರಿ ರಾಯರ, ಹಂಚಿನ ಮ್ಯಾಲ ಹೊಯ್ದು ತಿರುವಿ ಹಾಕಾಕ? ಗ್ವಾಡೀನ ಎದಿ ಮಟಾ ಅದಾವು. ಅದರಾಗ ನಿಮ್ಮ ಹೆಜ್ಜಿ ಲೆಕ್ಕಾ ಬ್ಯಾರೆ."

ರಹಿಮಾಬಿಯ ಕಟ್ಟೆಯ ಮೇಲೆ ಸಭೆ ಸೇರಿತು. ಉಪಾಯ ಹೇಳಿದವಳೂ ರಹಿಮಾಬಿಯೇ. "ಕುಬಸಂದ ಮ್ಯಾಲ ಹಂದರಾ ಹಾಕಬೇಕಲ್ಲ? ಓಣಿ ತುಂಬ ಎತ್ತರ ಹಂದರಾ ಹಾಕ್ರಿ, ಆಕಾಶ ಕಾಣಂಗಿಲ್ಲ. ಬಾಗಲದ ಎರಡೂ ಬಾಜೂ ಶಾಮಿಯಾನದ ಪಡದಾ ಕಟ್ರಿ. ಒಳಗ ಬಣ್ಣಾ ಹಚ್ಚಾಕತ್ತಾರ, ಆ ವಾಸನಿ ಬಸರ ಹೆಂಗಸಿಗೆ ಆಗಂಗಿಲ್ಲ ಅನ್ರಿ. ಒಂದ ಕದಾ ಅಷ್ಟ ಅರ್ಧಾ ತಗದು ಬಾಗಲದಾಗ ಆರತಿ ಮಾಡ್ರಿ, ಹುಡುಗಿ ಒಳಗೊಂದು ಹೆಜ್ಜಿ ಇಟ್ಟ ಹೊರಗ ಬರ್ಲಿ. ಊಟಕ್ಕ ಸೀದಾ ಮಠಕ್ಕ ಕರ್ಕೊಂಡ ಹೋಗ್ರಿ."

"ಹಡಿಯೂ ತನಕಾ ನಾ ಒಂದು ಖೋಲಿನಾರ ಎಬ್ಬಸ್ತೇನ್ರಿ" ಎಂದ ಗೌಸಸಾಬ.

"ನಾ ಅಂತೂ ಸುಳ್ಳ ಹೇಳೂದಿಲ್ಲ" ಎಂದಳು ತುಳಸಾಬಾಯಿ. ಕಟ್ಟೆಯಿಂದ ಏಳುತ್ತ, "ಪಡದಾ ಛಲೋತ್ನಂಗ ಬಿಗದ ಕಟ್ರಿ, ಗಾಳಿಗೆ ಹಾರಗೀರೀತು" ಎಂದಳು.

ಗುರುವಾರ ಬಂತು. ಕೆಂಪು ಹಳದಿ ಪಟ್ಟೆಯ ಪಡದೆಗಳ ನಡುವೆ ಬಾಗಿಲು ಅರಮನೆಯದಾಗಿತ್ತು. ಒಳಗೆ, ಅಂದರೆ ಪಡದೆಯ ಹಿಂದೆ, ಗೌಸಸಾಬ ಸಾಕ್ಷಿಗಿರಲೆಂದು ಬಣ್ಣದ ಬ್ರಷ್ ಹಿಡಿದು ನಿಂತಿದ್ದ. ಹಿಂದಿನ ದಿನವೇ ರಾಘಣ್ಣ ಒಂದು ದೂರದೃಷ್ಟಿಯ ಕೆಲಸ ಮಾಡಿದ್ದ. ಗದ್ದಲದಲ್ಲಿ ಜನಿವಾರ ಹರಿದು ಕೀಲಿಕೈ ಎಲ್ಲಾದರೂ ಬಿದ್ದರೆ ಎಂದು ಹೆದರಿ, ಮೂರು ವರ್ಷ ಮೈಗೆ ಅಂಟಿಕೊಂಡಿದ್ದ ಅದನ್ನು ಬಿಚ್ಚಿ, ಕಳೆಯುವುದೇ ಸಾಧ್ಯವಿಲ್ಲದಂಥ ಒಂದು ಜಾಗದಲ್ಲಿ ಇಟ್ಟಿದ್ದ.

ಹತ್ತೂವರೆಗೆ ಕಾರು ಬಂತು. ಅಳಿಯ ಸುಮೇಧ ಕಾರಿನ ಬಾಗಿಲು ತೆರೆದ. ಬೀಗಿತಿ ಪ್ರಿಯಂವದಾಬಾಯಿ ಹಣ್ಣಿನ ಬುಟ್ಟಿ ಹಿಡಿದು ಇಳಿದರು. ಹಿಂದೆ ಹಸಿರು ಸೀರೆ, ಕೈ ತುಂಬ ಹಸಿರು ಬಳೆ, ಮುಖ ತುಂಬ ಬಿಸಿಲು, ದೀಪ್ತಿ. ಇಳಿದವಳೇ ಯಾರನ್ನೂ ನೋಡಲಿಲ್ಲ, ಬಾಗಿಲನ್ನೇ ನೋಡಿದಳು. ಕೊನೆಗೆ ಇಳಿದ ಸುಶೀಂದ್ರಾಚಾರ್ಯರು ಗಡಿಯಾರ ನೋಡಿದರು.

"ಎಂಟ ನಿಮಿಷ ಅದ. ಬಾಗಲಾ ತಗೀರಿ ರಾಘಣ್ಣ."

ರಾಘಣ್ಣ ಅಂಗಿಯೊಳಗೆ ಕೈ ಹಾಕಿದ. ಜನಿವಾರ ಸಿಕ್ಕಿತು. ಬರೀ ಜನಿವಾರ.

"ಏನಾತ್ರಿ?" ತುಳಸಾಬಾಯಿ ಆರತಿ ತಾಟು ಹಿಡಿದೇ ಪಿಸುಗುಟ್ಟಿದಳು. ಗಿರಣಿಯ ರೂಢಿಯಿಂದ ಅದು ಓಣಿಗೆಲ್ಲ ಕೇಳಿಸಿತು.

"ಏನಿಲ್ಲ. ಕೀಲಿಕೈ ಭದ್ರ ಜಾಗಾದಾಗ ಇಟ್ಟೇನಿ."

"ಎಲ್ಲೆ?"

"ಅದ ನೆನಪಾಗವಲ್ದು."

ಸುಶೀಂದ್ರಾಚಾರ್ಯರು ಮುಂದೆ ಬಂದರು. "ನೆನಪಿಲ್ಲ ಅಂದ ಮ್ಯಾಲೆ ಭದ್ರ ಅದ ಅಂತ ಹೆಂಗ ಗೊತ್ತು?"

"ಇಟ್ಟಾಂವ ನಾನು, ನನಗ ಸಿಗವಲ್ದು. ಕಳ್ಳಗ ಸಿಗ್ತದೇನ್ರಿ?"

ಹೆಡ್ ಮಾಸ್ತರರು ಮತ್ತೆ ಗಡಿಯಾರ ನೋಡಿದರು. "ಹಿತ್ತಲ ಬಾಗಲಾ ಇಲ್ಲೇನು?" ಎಂದು ಕೇಳಿದರು.

"ಇದ್ದದ್ದು ಇದೊಂದರಿ" ಎಂದ ರಾಘಣ್ಣ. ಬೆಳಗಿನಿಂದ ಆಡಿದ ಮಾತುಗಳಲ್ಲಿ ಇದೊಂದು ಪೂರ್ತಿ ನಿಜವಾಗಿತ್ತು.

"ಒಳಗ ಯಾರಿದ್ದಾರ?"

"ಬಣ್ಣದವ್ರರಿ."

"ಬಣ್ಣದವ್ರು ಒಳಗಿದ್ದಾರ. ಕೀಲಿ ಹೊರಗದ." ಸುಶೀಂದ್ರಾಚಾರ್ಯರು ಲೆಕ್ಕದ ಮಾಸ್ತರರೂ ಆಗಿದ್ದವರು. ಬಾಗಿಲಿನತ್ತ ಮುಖ ಮಾಡಿ ಕೂಗಿದರು: "ಯಾರಪಾ ಒಳಗ?"

"ನಾನ್ರಿ, ಗೌಸಸಾಬ."

"ನೀ ಒಳಗ ಹೆಂಗ ಹೋದಿ?"

ಪಡದೆಯ ಹಿಂದೆ ಒಂದು ಕೆಮ್ಮು. "ಬಾಗಲದಾಗಿಂದನ ಬಂದೇನ್ರಿ."

"ಯಾವಾಗ?"

"ಒಂಬತ್ತ ತಿಂಗಳಾತ್ರಿ."

ರಹಿಮಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಪ್ರಶಾಂತ ಕಾಣಿಸಿಕೊಂಡ. ಅವನದು ಮೂರನೆಯ ಮತ್ತು ಕಟ್ಟಕಡೆಯ ಭೇಟಿ. ಬಾಗಿಲ ಮುಂದೆ ಇಷ್ಟು ಮಂದಿಯನ್ನು ಕಂಡು ಅವನ ಮುಖ ಅರಳಿತು.

"ಅಂತೂ ಸಿಕ್ರಿ! ಎರಡ ಸಲ ಬಂದ್ರೂ ಕೀಲಿ. ಮನೀನ ಇಲ್ಲ ಅಂತಾರ ಎದರ ಮನಿಯವ್ರು! ಅಲ್ರಿ, ಇಷ್ಟ ದೊಡ್ಡ ಬಾಗಲಾ ಕಾಣತೈತಿ..."

"ಮನಿ ಇಲ್ಲ?" ಎಂದರು ಸುಶೀಂದ್ರಾಚಾರ್ಯರು.

ರಾಘಣ್ಣ ಮತ್ತೊಮ್ಮೆ ಅಂಗಿಯೊಳಗೆ ಕೈ ಹಾಕಿ ನೋಡಿದ. ಮಾನ ಹೋಗುವುದು ಅವನಿಗೆ ದೊಡ್ಡದಲ್ಲ, ವಾರಕ್ಕೊಮ್ಮೆ ಹೋಗುತ್ತಲೇ ಇರುತ್ತದೆ. ಮಗಳು ಇಲ್ಲಿಯ ತನಕ ಬಂದು, ಬಾಗಿಲ ಮುಂದೆ ನಿಂತು, ಒಳಗೆ ಕಾಲಿಡದೆ ತಿರುಗಿ ಹೋಗುವಳಲ್ಲ, ಅದು ದೊಡ್ಡದು. ಗಡಿಯಾರದಲ್ಲಿ ಹತ್ತೂ ಮೂವತ್ತೆಂಟು.

ದೀಪ್ತಿ ಮುಂದೆ ಬಂದಳು. ಕೈಚೀಲದೊಳಗಿಂದ ಒಂದು ಸಣ್ಣ ಕುಂಕುಮದ ಡಬ್ಬಿ ತೆಗೆದಳು. 'ಈಗ್ಯಾಕ ಕುಂಕುಮ' ಎಂದು ಪ್ರಿಯಂವದಾಬಾಯಿ ಅನ್ನುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದು, ಕೆಂಪಾದ ಒಂದು ಕೀಲಿಕೈ ಎತ್ತಿ, ಕೀಲಿಗೆ ಹಾಕಿ ತಿರುಗಿಸಿದಳು. ಕೀಲಿ ಟಕ್ಕೆಂದು ಬಿಚ್ಚಿಕೊಂಡಿತು.

ತುಳಸಾಬಾಯಿ ಆರತಿ ತಾಟು ಹಿಡಿದೇ ಹತ್ತಿರ ಬಂದಳು. "ಇದು ನಿನ್ನ ಕಡೆ ಹೆಂಗ ಬಂತು?"

"ಲಗ್ನದ ದಿನಾನ ತಗೊಂಡ ಹೋಗಿದ್ದೆ ಅವ್ವಾ. ಕೇಳಿದ್ರ ಕೊಡತಿದ್ದಿಲ್ಲ ನೀವು." ದೀಪ್ತಿ ಹಿಂದಕ್ಕೆ ತಿರುಗಲಿಲ್ಲ. "ಹಾನಗಲ್ಲಾಗ ಎಲ್ಲಾ ಛಲೋ ಅದ. ಆದ್ರೂ ಮನಿ ನೆನಪಾದಾಗ ಇದನ್ನ ಕೈಯಾಗ ಹಿಡಕೊಂಡ ಕೂಡ್ತಿದ್ದೆ. ಯಾವಾಗ ಬೇಕಾದ್ರೂ ಬಂದು ಬಾಗಲಾ ತಗೀಬಹುದಲಾ ಅಂತ."

ಮೂರು ವರ್ಷದ ಅಪವಾದ ರಾಘಣ್ಣನ ತಲೆಯಿಂದ ಇಳಿಯಿತು. ಹೆಂಡತಿಯ ಕಡೆ ಗೆದ್ದ ಮುಖದಿಂದ ನೋಡುವ ಸಂದರ್ಭ ಬದುಕಿನಲ್ಲಿ ಮೊದಲ ಸಲ ಬಂದಿತ್ತು. ಅವನಿಂದ ಆಗಲಿಲ್ಲ, ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಹತ್ತೂ ನಾಲ್ವತ್ತಕ್ಕೆ ಸರಿಯಾಗಿ ದೀಪ್ತಿ ಎರಡೂ ಕದ ನೂಕಿದಳು. ಉಸುಕಿನ ಗುಡ್ಡೆ, ಇಟ್ಟಿಗೆ, ಕಬ್ಬಿಣದ ಸರಳು, ಎದೆಮಟ್ಟದ ಗೋಡೆಗಳು, ಅವುಗಳ ಮೇಲೆ ನೀಲಿ ಆಕಾಶ. ಎಲ್ಲದರ ನಡುವೆ ಒಣ ಬ್ರಷ್ ಹಿಡಿದು, ಬಣ್ಣ ಹಚ್ಚುವುದಕ್ಕೆ ಏನೂ ಸಿಗದೆ ಗಾಳಿಗೇ ಹಚ್ಚುವವನಂತೆ ನಿಂತಿದ್ದ ಗೌಸಸಾಬ.

ದೀಪ್ತಿ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ತಲೆ ತಗ್ಗಿಸಿದಳು. ಒಳಗೆ ನಿಂತು ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ನಡೆಯತೊಡಗಿದಳು, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ಎಣಿಸುತ್ತ.

"ಪಡಸಾಲಿ ಹನ್ನೊಂದ ಹೆಜ್ಜಿ. ಇಲ್ಲೆ ಅಪ್ಪನ ಕುರ್ಚಿ. ಇಲ್ಲಿಂದ ಏಳು, ಅಡಗಿಮನಿ. ಇಲ್ಲೆ ದೀಪದ ಗೂಡು, ನನ್ನ ಭುಜದ ಮಟಾ. ಇದು ನನ್ನ ಖೋಲಿ." ನಿಂತಳು. ಗೋಡೆಯ ಮೇಲೆ ಕೈ ಇಟ್ಟಳು. "ಇಲ್ಲೆ ಕಿಡಕಿ ಇತ್ತಲ್ಲ ಅಪ್ಪಾ. ರಹಿಮಾಬಿ ಮೌಶಿ ಮನಿ ಕಾಣ್ತಿತ್ತು."

ಗೌಸಸಾಬ ಬ್ರಷ್ ಬಿಸಾಕಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅವಳ ಹಿಂದೆ ಹಿಂದೆ ಗುರುತು ಹಾಕುತ್ತ ಹೊರಟ. ಒಂಬತ್ತು ತಿಂಗಳು ಚೀಲದೊಳಗೆ ಕುಳಿತ ಅಳತೆ ಹತ್ತು ನಿಮಿಷದಲ್ಲಿ ನೆಲದ ಮೇಲೆ ಬಂದಿತ್ತು.

ಪ್ರಶಾಂತ ಫಾರ್ಮ್ ತೆರೆದ. "ಈ ಮನ್ಯಾಗ ವಾಸ ಮಾಡವ್ರು ಎಷ್ಟ ಮಂದಿರಿ?"

ರಾಘಣ್ಣ ಮಗಳನ್ನು ನೋಡಿದ. ಹೆಂಡತಿಯನ್ನು ನೋಡಿದ. "ಸದ್ಯಕ್ಕ ಯಾರೂ ಇಲ್ಲಪಾ" ಎಂದ. "ಎಲ್ಲಾರೂ ಬರೋರಿದ್ದಾರ."

ಇಷ್ಟು ಹೊತ್ತು ಸುಶೀಂದ್ರಾಚಾರ್ಯರು ಹೊರಗೇ ನಿಂತಿದ್ದರು. ಬದಿಯ ಪಡದೆ ಸರಿಸಿದ್ದರೆ ಸುಲಭವಾಗಿ ಬರಬಹುದಿತ್ತು. ಅವರು ಚಪ್ಪಲಿ ಬಿಟ್ಟು ಬಾಗಿಲಿನಿಂದಲೇ ಬಂದರು. ಆಯುಷ್ಯದಲ್ಲಿ ತಲೆ ತಗ್ಗಿಸಿ ಗೊತ್ತಿಲ್ಲದವರು, ಗಜಲಕ್ಷ್ಮಿಗೆ ಹಣೆ ಬಡಿಸಿಕೊಂಡರು. ಯಾರೂ ನಗಲಿಲ್ಲ. ಹಣೆ ತಿಕ್ಕಿಕೊಳ್ಳುತ್ತ ಸೊಸೆ ನಿಂತಲ್ಲಿಗೆ ಹೋದರು.

"ರಾಘಣ್ಣ, ನೀವು ಕಳಿಸಿದ ಫೋಟೊದಾಗ ಸುಳ್ಳೇನೂ ಇರ್ಲಿಲ್ಲ. ಬಾಗಲದ ಹಿಂದ ಮನಿ ನಾನ ಕಟಗೊಂಡೆ." ತಲೆ ಎತ್ತಿ ಮೇಲೆ ನೋಡಿದರು. "ಆದ್ರ ಆಕಾಶದ ಕೆಳಗ ಬಿಟ್ಟ ಹೋಗಲಿಕ್ಕೆ ಆಗೂದಿಲ್ಲ. ಗಿರಣಿ ಮ್ಯಾಲಂತೂ ಬ್ಯಾಡ. ಇವತ್ತ ಹಾನಗಲ್ಲಿಗೆ ಕರ್ಕೊಂಡ ಹೋಗ್ತೇನಿ. ಸ್ಲ್ಯಾಬ್ ಹಾಕಿದ ಮ್ಯಾಲೆ ಫೋನ್ ಮಾಡ್ರಿ, ನಾನ ಕರ್ಕೊಂಡ ಬರ್ತೇನಿ. ಮತ್ತ, ಈ ಸಲ ಫೋಟೊ ಮ್ಯಾಲಿಂದ ತಗೀರಿ."

"ಇನ್ನ ನಲವತ್ತ ದಿನದಾಗ್ರಿ" ಎಂದ ಗೌಸಸಾಬ. "ಹೆಜ್ಜಿ ಲೆಕ್ಕಾ ಸಿಕ್ಕ ಮ್ಯಾಲ ನನಗೇನ ತಡಾ?"

ಮಠದಲ್ಲಿ ಊಟವಾಯಿತು. ತುಳಸಾಬಾಯಿ ಮಗಳ ತಲೆಗೆ ಹೂ ಮುಡಿಸಿದಳು, ತೆಗೆದಳು, ಮತ್ತೆ ಮುಡಿಸಿದಳು. ರಹಿಮಾಬಿ ದಾರಿಯಲ್ಲಿ ತಿನ್ನಲೆಂದು ಒಂದು ಡಬ್ಬಿ ತುಂಬ ಸವಣೂರ ಖಾರಾ ತಂದು ಕೈಯಲ್ಲಿಟ್ಟಳು. ನಾಲ್ಕು ಗಂಟೆಗೆ ಕಾರು ಹೊರಟು ನಿಂತಿತು. ದೀಪ್ತಿ ತಾನೇ ಬಾಗಿಲು ಎಳೆದು ಕೀಲಿ ಹಾಕಿದಳು. ಮೂರು ಸಲ ಜಗ್ಗಿ ನೋಡಿದಳು, ಅಪ್ಪನ ಹಾಗೆಯೇ.

"ಕೀಲಿಕೈ ಕೊಟ್ಟ ಹೋಗು" ಎಂದಳು ತುಳಸಾಬಾಯಿ. "ಇವರಂತೂ ಕಳಕೊಂಡ ಕೂತಾರ. ನಾಳೆ ಬಾಗಲಾ ಹೆಂಗ ತಗೀಬೇಕು?"

ದೀಪ್ತಿ ಕೈ ಮುಂದೆ ಚಾಚಿದಳು. ಬೆರಳು ಬಿಚ್ಚಲಿಲ್ಲ. ಬಿಚ್ಚಬೇಕೆಂದು ಅವಳಿಗೂ ಇತ್ತು, ಬೆರಳಿಗೆ ಇರಲಿಲ್ಲ.

ರಾಘಣ್ಣ ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಸರಿಸಿದ. "ಇಟಗೊ. ನಾವು ಬಾಜೂಕಿಂದ ಬರ್ತೇವಿ."

ಗೌಸಸಾಬ ರಹಿಮಾಬಿಯ ಮುಖ ನೋಡಿದ, ರಹಿಮಾಬಿ ಗೌಸಸಾಬನ ಮುಖ ನೋಡಿದಳು. ಕಾರು ತಿರುವು ದಾಟುವ ತನಕ ಆ ಮುಷ್ಟಿ ಕಿಟಕಿಯಲ್ಲಿ ಕಾಣುತ್ತಿತ್ತು.

ಮರುದಿನ ಮುಂಜಾನೆ ಗಿರಣಿ ಶುರುವಾಗುವ ಮೊದಲೇ ರಾಘಣ್ಣ ಸ್ಲ್ಯಾಬಿಗೆ ಒಳ್ಳೆಯ ದಿನ ನೋಡಲೆಂದು ಪಂಚಾಂಗ ತೆಗೆದ. ಪಂಚಾಂಗದಿಂದ ಕೀಲಿಕೈ ತೊಡೆಯ ಮೇಲೆ ಬಿತ್ತು. ಆಗ ಎಲ್ಲಾ ನೆನಪಾಯಿತು. ಗುರುವಾರದ ದಿನ ಗುರುವಾರದ ಪುಟವನ್ನು ತೆರೆದೇ ತೆರೆಯುತ್ತೇವೆಂದು ಅಲ್ಲಿ ಇಟ್ಟದ್ದು. ಹತ್ತೂ ನಾಲ್ವತ್ತು ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು, ಪಂಚಾಂಗ ಯಾರಿಗೂ ಬೇಕಾಗಲಿಲ್ಲ. ರಾಘಣ್ಣ ಹೆಂಡತಿಯ ಕಡೆ ಕಣ್ಣೆತ್ತಿದ. ತುಳಸಾಬಾಯಿ ಒಲೆಯ ಕಡೆ ಮುಖ ಮಾಡಿದ್ದಳು. ನೋಡಿರಲಿಲ್ಲ, ಅಥವಾ ನೋಡಿ ತಿರುಗಿದ್ದಳು. ಅವನು ಕೀಲಿಕೈಯನ್ನು ಅದೇ ಪುಟದಲ್ಲಿ ಇಟ್ಟು ಪಂಚಾಂಗ ಮುಚ್ಚಿದ.

ಎಂಟು ಗಂಟೆಗೆ ಸರಿಯಾಗಿ ಓಣಿಗೆ ಬಂದ. ಬಾಗಿಲ ಮುಂದೆ ಚಪ್ಪಲಿ ಜೋಡಿಸಿ ಬಿಟ್ಟ. ಹೊಸ್ತಿಲಿನ ಮೇಲೆ ಹೊಸ ರಂಗೋಲಿ ಇತ್ತು. ಕೀಲಿಯನ್ನು ಮೂರು ಸಲ ಜಗ್ಗಿದ. ಆಮೇಲೆ ಬರಿಗಾಲಲ್ಲಿ ಟ್ರ್ಯಾಕ್ಟರಿನ ದಾರಿ ಸುತ್ತಿ ಒಳಗೆ ಬಂದ.

"ಕೀಲಿಕೈ ಸಿಗಲಿಲ್ಲೇನ್ರಿ ರಾಯರ?" ಗೌಸಸಾಬ ಕೇಳಿದ.

"ಅದು ಹಾನಗಲ್ಲಾಗ ಅದ" ಎಂದ ರಾಘಣ್ಣ. "ಬರ್ತದ. ನೀ ಕೆಲಸಾ ಶುರು ಮಾಡು."